ಹುಲ್ಲುಗಾವಲಿನಲ್ಲಿ ಬಿಟ್ಟು ಬಂದ ಕರಡಿಗೆ

ಟೂರ್ ಮ್ಯಾನೇಜರ್ ಆದವನು ಗುಂಪಿನ ಹಿಂದೆ ನಡೆಯಬೇಕು. ಮುಂದೆ ಬಾವುಟ ಹಿಡಿದು ಹೋಗುವುದು ಗೈಡಿನ ಕೆಲಸ. ಯಾರ ಮಂಡಿ ನೋಯುತ್ತಿದೆ, ಯಾರು ಗಂಡನ ಮೇಲೆ ಮುನಿಸಿಕೊಂಡಿದ್ದಾರೆ, ಯಾರು ಕನ್ನಡಕವನ್ನು ಹೋಟೆಲ್ಲಿನ ಬಚ್ಚಲಲ್ಲೇ ಬಿಟ್ಟು ಬಂದಿದ್ದಾರೆ ಎನ್ನುವುದೆಲ್ಲ ಹಿಂದೆ ಬರುವವನಿಗೆ ಮಾತ್ರ ಕಾಣುತ್ತದೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಕೈಲಾಂಚದ ನಮ್ಮ ಮನೆಗೆ ಬಂದು, "ಸಾರ್, ಎಷ್ಟು ದೇಶ ನೋಡಿದೀರಿ?" ಎಂದು ಕೇಳುತ್ತಾರೆ. ನಾನು ನೋಡಿದ್ದು ಹೆಚ್ಚಾಗಿ ಜನರ ಬೆನ್ನು. ಮಿಕ್ಕಿದ್ದನ್ನು ಅವರು ತೆಗೆದ ಫೋಟೋಗಳಲ್ಲಿ ನೋಡಿದೆ.

ನಾನು ಈ ಕೆಲಸ ಶುರುಮಾಡಿದ್ದು ಮಾಗಡಿ, ಚನ್ನಪಟ್ಟಣದ ಕಡೆಯವರನ್ನು ಬಸ್ಸಿನಲ್ಲಿ ಕಾಶಿಗೆ ಕರೆದುಕೊಂಡು ಹೋಗುವುದರಿಂದ. ಆಮೇಲೆ ಬೋಧಗಯೆ, ನೇಪಾಳ, ಶ್ರೀಲಂಕಾ. ಕೊನೆಯ ಕೆಲವು ವರ್ಷ, ಬೇಸಿಗೆಗೊಮ್ಮೆ ಮಂಗೋಲಿಯಾ. ಅಲ್ಲಿನ ಬೌದ್ಧ ಮಠಗಳು, ಚೆಂಗಿಸ್ ಖಾನನ ಕಾಲದ ಹಾಳು ಊರುಗಳು, ಅವುಗಳ ನಡುವೆ ಕಣ್ಣು ಹಾಯುವಷ್ಟೂ ಹುಲ್ಲು. ಪ್ರವಾಸದ ಪಟ್ಟಿ ತಯಾರಿಸುತ್ತಿದ್ದ ನಮ್ಮ ಸಾಹೇಬರು ಆ ದೇಶಕ್ಕೆ ಒಮ್ಮೆಯೂ ಹೋದವರಲ್ಲ. ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿಂದ ಇಲ್ಲಿಗೆ ಬರೀ ಹುಲ್ಲು ಕಣ್ರೀ, ಮೂರು ಗಂಟೆ ಸಾಕು" ಎನ್ನುತ್ತಿದ್ದರು. ಆ ಮೂರು ಗಂಟೆ ನಮಗೆ ಯಾವತ್ತೂ ಏಳಕ್ಕೆ ಕಡಿಮೆ ಆಗಲಿಲ್ಲ. ಸಾಹೇಬರು ಕೆಟ್ಟವರಲ್ಲ. ಅವರ ಕುರ್ಚಿಯಿಂದ ಯಾವ ದೇಶವಾದರೂ ಚಪ್ಪಟೆಯಾಗಿಯೇ ಕಾಣುತ್ತಿತ್ತು, ಅಷ್ಟೆ.

ಹೊಸಬರಿಗೆ ಮೊದಲು ಹೇಳುವುದು ಕೊಡೆಯ ವಿಷಯ. ಆ ಬಯಲಲ್ಲಿ ಮರವಿಲ್ಲ, ಪೊದೆಯಿಲ್ಲ, ಒಂದು ಮರೆಯಿಲ್ಲ. ಮೊದಲ ಸಲ ಹೋದಾಗ ನಮ್ಮ ಹೆಂಗಸರು ಜಲಬಾಧೆಗೆಂದು ಬಸ್ಸಿಳಿದು ನಾಲ್ಕೂ ದಿಕ್ಕು ನೋಡಿ ಮತ್ತೆ ಬಸ್ಸು ಹತ್ತಿ ಕೂತುಬಿಟ್ಟರು. ಎರಡನೇ ಸಲ ರಾಮನಗರದ ಅಂಗಡಿಯಿಂದ ಹನ್ನೆರಡು ದೊಡ್ಡ ಕಪ್ಪು ಕೊಡೆ ಕೊಂಡುಹೋದೆ. ಮಳೆಯೇ ಇಲ್ಲದ ಬಯಲಲ್ಲಿ ಹನ್ನೆರಡು ಕೊಡೆ ಅರಳಿ ಕೂತದ್ದನ್ನು ಕಂಡು ಕುದುರೆ ಕಾಯುತ್ತಿದ್ದವನೊಬ್ಬ ಕುದುರೆ ನಿಲ್ಲಿಸಿ ಬಹಳ ಹೊತ್ತು ಯೋಚಿಸಿದ. ನಾನು ಈ ಕಸುಬಿಗೆ ಕೊಟ್ಟ ದೊಡ್ಡ ಕಾಣಿಕೆ ಅದೇ ಎಂದು ಈಗಲೂ ನಂಬಿದ್ದೇನೆ.

ಎರಡನೆಯದು ಅಡುಗೆಯವನ ವಿಷಯ. ನಮ್ಮ ಅಡುಗೆಯ ನಂಜುಂಡ ಚನ್ನಪಟ್ಟಣದವನು. ರಾಗಿಹಿಟ್ಟಿಲ್ಲದೆ ವಿಮಾನ ಹತ್ತುತ್ತಿರಲಿಲ್ಲ. ಒಮ್ಮೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಆ ಬೂದು ಬಣ್ಣದ ಪುಡಿಯನ್ನು ಕಂಡು ನಮ್ಮೆಲ್ಲರನ್ನೂ ತಡೆದು ನಿಲ್ಲಿಸಿದರು. ನನ್ನ ಇಂಗ್ಲಿಷು ಅವರಿಗೆ ತಿಳಿಯದು, ಅವರದು ನನಗೆ ತಿಳಿಯದು. ನಂಜುಂಡ ಒಂದು ಹಿಡಿ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡೇ ಬಿಟ್ಟ. ಒಣ ಹಿಟ್ಟು ಗಂಟಲಿಗೆ ಹತ್ತಿ ಕಣ್ಣು ಮೇಲೆ ಕೆಳಗೆ ಆಯಿತು. ಆ ಅಧಿಕಾರಿಯೇ ಓಡಿ ಹೋಗಿ ನೀರು ತಂದುಕೊಟ್ಟು, ನಗುತ್ತಾ ಚೀಲಕ್ಕೆ ಮುದ್ರೆ ಒತ್ತಿ ಕಳಿಸಿದ.

ದಾರಿಯ ವಿಷಯವೂ ಹಾಗೆಯೇ. ಮೊದಮೊದಲು ಅಲ್ಲಿನ ಡ್ರೈವರುಗಳು ಗುಡ್ಡ ನೋಡಿಕೊಂಡು ಗಾಡಿ ಓಡಿಸುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಫೋನಿನಲ್ಲಿ ನಕ್ಷೆಯಿದೆ. ಆದರೆ ಆ ನಕ್ಷೆಯಲ್ಲಿ ಯಾರ ಮನೆಯೂ ಇಲ್ಲ. ಅಲ್ಲಿನ ಕುರುಬರ ಮನೆ ಎಂದರೆ ಕಟ್ಟಿಗೆಯ ಜಾಲರಿ ನಿಲ್ಲಿಸಿ ಉಣ್ಣೆಯ ಕಂಬಳಿ ಹೊದಿಸಿದ ದುಂಡನೆಯ ಗುಡಾರ. ಅದನ್ನು ಅವರು ಗೆರ್ ಎನ್ನುತ್ತಾರೆ. ಹುಲ್ಲು ತೀರಿದರೆ ಒಂದೆರಡು ಗಂಟೆಯಲ್ಲಿ ಬಿಚ್ಚಿ ಲಾರಿಗೆ ಹಾಕಿ ಹೊರಟುಬಿಡುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಮಾತಿಗೆ ಇದೇ ಬೇಕು.

ಒಂದು ಬೇಸಿಗೆ ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನ. ಅವರಲ್ಲಿ ಉಯ್ಯಂಬಳ್ಳಿಯ ಶಿವಣ್ಣ ಮೇಷ್ಟ್ರು, ಅವರ ಹೆಂಡತಿ ಪುಟ್ಟಬಸಮ್ಮನವರು. ಮೇಷ್ಟ್ರು ಕನಕಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವರು. ಮಂಗೋಲರ ಸಾಮ್ರಾಜ್ಯವನ್ನು ಪುಸ್ತಕ ನೋಡದೆ ಕರಿಹಲಗೆಯ ಮೇಲೆ ಬರೆದು, ನಡುವೆ ಅವರ ರಾಜಧಾನಿಗೆ ಒಂದು ಚುಕ್ಕಿ ಇಟ್ಟು "ಕಾರಾಕೋರಂ" ಎನ್ನುತ್ತಿದ್ದರಂತೆ. ಆ ಚುಕ್ಕಿಯನ್ನು ಕಣ್ಣಾರೆ ನೋಡಬೇಕೆಂದು ಬಂದಿದ್ದರು. ಪುಟ್ಟಬಸಮ್ಮನವರಿಗೆ ಆ ಚುಕ್ಕಿಯ ಗೊಡವೆ ಇರಲಿಲ್ಲ. "ಇವ್ರು ಒಬ್ರೇ ಬಂದ್ರೆ ಸ್ವೆಟ್ರು ಹಾಕ್ಕಳಾಕಿಲ್ಲ, ಅದ್ಕೇ ಬಂದೆ" ಎಂದು ವಿಮಾನದಲ್ಲೇ ನನಗೆ ಹೇಳಿದ್ದರು. ಗಂಡನನ್ನು ಅವರೂ ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

ಅವರದು ಲಿಂಗ ಕಟ್ಟುವ ಮನೆತನ. ಅಂಗೈಯಗಲವೂ ಇಲ್ಲದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ, ಕುತ್ತಿಗೆಯಲ್ಲಿ ದಾರ. ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಪುಟ್ಟಬಸಮ್ಮನವರು ಕಾಫಿ ಸಹ ಮುಟ್ಟುತ್ತಿರಲಿಲ್ಲ. ಮೇಷ್ಟ್ರು ಆ ವಿಷಯದಲ್ಲಿ ಸಡಿಲ. ಅವರ ಲಿಂಗ ಊರಿನ ದೇವರಕೋಣೆಯಲ್ಲಿ ಹಾಯಾಗಿತ್ತು.

ಪಟ್ಟಿಯ ಪ್ರಕಾರ ಒಂದು ಮಧ್ಯಾಹ್ನ ನಾವು ತುಯಾ ಎಂಬ ಹೆಣ್ಣುಮಗಳ ಗೆರ್‌ಗೆ ಹೋದೆವು. ಗಂಡ, ಅತ್ತೆ, ಕುರಿಗಳು, ಹತ್ತಾರು ಕುದುರೆಗಳ ಸಂಸಾರ. ಅಲ್ಲಿನವರಿಗೆ ಹೊಸಿಲು ತುಳಿಯುವುದು ಮಹಾ ಅಪರಾಧ. ಬೇರೆ ದೇಶದವರಿಗೆ ಇದನ್ನು ಹತ್ತು ಸಲ ಹೇಳಬೇಕು. ಪುಟ್ಟಬಸಮ್ಮನವರು ಯಾರೂ ಹೇಳದೆಯೇ ಬಗ್ಗಿ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದರು. ತುಯಾ ಅದನ್ನು ಕಂಡು ಅತ್ತೆಯ ಕಡೆ ತಿರುಗಿ ಏನೋ ಅಂದಳು. ಇಬ್ಬರ ಮುಖವೂ ಅರಳಿತು. ಚಹಾ ಕೊಟ್ಟಾಗ ಮಾತ್ರ ಪುಟ್ಟಬಸಮ್ಮನವರು ಕೈಮುಗಿದು ಬೇಡವೆಂದರು. ಒಳಗೆಲ್ಲ ಮಾಂಸ ಒಣಗಿಸಿದ ವಾಸನೆಯಿತ್ತು.

ತಪ್ಪು ನಾನು ಮಾಡಿದ್ದು ಅಲ್ಲಿಯೇ. ಅವರ ಉದ್ದನೆಯ ನಿಲುವಂಗಿ ತೊಡಿಸಿ ಫೋಟೋ ತೆಗೆಸುವುದು ಪ್ರವಾಸದ ಒಂದು ಬಾಬ್ತು. ಎಲ್ಲರದೂ ಆಯಿತು. ಪುಟ್ಟಬಸಮ್ಮನವರು "ಬ್ಯಾಡ ಕಣಪ್ಪ ರಾಜಣ್ಣ, ನಂಗ್ಯಾಕೆ ಈ ವಯ್ಸಲ್ಲಿ ಯಾಸ" ಎಂದರು. ನಾನು ಬಿಡಲಿಲ್ಲ. "ಅಮ್ಮಾ, ಮೊಮ್ಮಕ್ಕಳಿಗೆ ತೋರಿಸೋಕಾದ್ರೂ" ಎಂದು ಹಟ ಹಿಡಿದೆ. ತುಯಾ ಅವರ ಸ್ವೆಟರು ಬಿಚ್ಚಿಸಿ, ತನ್ನದೇ ನೀಲಿ ನಿಲುವಂಗಿ ತೊಡಿಸಿ ನಡು ಬಿಗಿದಳು. ಫೋಟೋ ಚೆನ್ನಾಗಿ ಬಂತು. ಅಷ್ಟರಲ್ಲಿ ಗಂಟೆ ನೋಡಿದರೆ ಹೊತ್ತಾಗಿದೆ. "ಬೇಗ ಬೇಗ" ಎನ್ನುತ್ತಾ ನಾನೇ ಹಿಂದಿನಿಂದ ಆ ನಿಲುವಂಗಿಯನ್ನು ಹೆಗಲಿನಿಂದ ಎಳೆದೆ. ಪಟ್ ಎಂದಿತು. ಬಟ್ಟೆಯ ಗುಂಡಿ ಇರಬೇಕು ಎಂದುಕೊಂಡು ಎಲ್ಲರನ್ನೂ ಬಸ್ಸು ಹತ್ತಿಸಿದೆ.

ಸಂಜೆ ಕಾರಾಕೋರಂ ಹತ್ತಿರದ ಬಿಡಾರ ಸೇರಿದೆವು. ಅಲ್ಲಿ ಬೇಸಿಗೆಯಲ್ಲಿ ಊಟದ ಹೊತ್ತಿಗೂ ಬಿಸಿಲಿರುತ್ತದೆ. ನಂಜುಂಡ ಮುದ್ದೆ ಕಟ್ಟಿ, ಅವರೆಬೇಳೆ ಸಾರು ಬಿಟ್ಟು ತಟ್ಟೆ ಇಟ್ಟಿದ್ದ. ಉಣ್ಣುವ ಮುಂಚೆ ಕರಡಿಗೆ ಮುಟ್ಟಿಕೊಳ್ಳಲೆಂದು ಪುಟ್ಟಬಸಮ್ಮನವರು ಎದೆಯ ಮೇಲೆ ಕೈಯಿಟ್ಟರು. ಕೈ ಅಲ್ಲಿಯೇ ನಿಂತಿತು. ಸ್ವೆಟರಿನೊಳಗಿಂದ ಬಂದದ್ದು ತುಂಡಾದ ದಾರ ಮಾತ್ರ.

ಬಸ್ಸಿನ ಸೀಟಿನಡಿ, ಚೀಲ, ಹಾಸಿಗೆ, ದಾರಿಯಲ್ಲಿ ಇಳಿದ ಜಾಗ, ಎಲ್ಲವನ್ನೂ ಹುಡುಕಿದೆವು. ಮೇಷ್ಟ್ರು ಮಂಡಿಯೂರಿ ಹುಲ್ಲು ತಡಕಿದರು. ನಾನೂ ಎಲ್ಲರ ಜೊತೆ ಹುಡುಕಿದೆ. ನನಗೆ ಆ ಪಟ್ ಎಂದ ಸದ್ದು ಆಗಲೇ ನೆನಪಾಗಿತ್ತು. ಹೇಳಲಿಲ್ಲ. ಹೇಳಿದರೆ ತಪ್ಪು ನನ್ನದಾಗುತ್ತದೆ, ಸಾಹೇಬರಿಗೆ ದೂರು ಹೋಗುತ್ತದೆ, ಬಸ್ಸಿನಲ್ಲೇ ಸಿಕ್ಕಿದರೂ ಸಿಗಬಹುದು ಎಂದೆಲ್ಲ ಲೆಕ್ಕ ಹಾಕಿದೆ. ಆ ಸಂಜೆಯ ನನ್ನನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಪುಟ್ಟಬಸಮ್ಮನವರು ಅಳಲಿಲ್ಲ, ಕೂಗಾಡಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಲಿಂಗ ಮೈಮ್ಯಾಲೆ ಇಲ್ದೆ ಉಣ್ಣಾಕಿಲ್ಲ ಕಣಪ್ಪ" ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಬರಿಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳುವಂತಿಲ್ಲ. ನಂಜುಂಡ ಬೇಡಿಕೊಂಡ, ಗುಂಪಿನ ಹೆಂಗಸರು ಬೇಡಿಕೊಂಡರು. ಮೇಷ್ಟ್ರು ಗದರಿದ ಮೇಲೆ ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಿದರು.

ಬೆಳಿಗ್ಗೆ ಸಾಹೇಬರಿಗೆ ಫೋನು ಮಾಡಿದೆ. "ಊರಿಗೆ ಬಂದ ಮೇಲೆ ಮಠಕ್ಕೆ ಹೋಗಿ ಇನ್ನೊಂದು ಕಟ್ಟಿಸ್ಕೊಳ್ಳಲಿ ರಾಜಣ್ಣ. ಒಬ್ಬರಿಗೋಸ್ಕರ ಎಲ್ಲರ ಪ್ರೋಗ್ರಾಂ ಕೆಡಿಸ್ಬೇಡಿ. ನೀವು ಗುಂಪು ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ" ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ಅದನ್ನೇ ಸ್ವಲ್ಪ ಮೆತ್ತಗೆ ಮಾಡಿ ಪುಟ್ಟಬಸಮ್ಮನವರ ಮುಂದೆ ಇಟ್ಟೆ.

ಅವರು ಮಂಚದ ಮೇಲೆ ಕೂತಿದ್ದರು. ತುಟಿ ಒಣಗಿತ್ತು. "ಕೂಸಾಗಿದ್ದಾಗ ನಮ್ಮಜ್ಜಿ ತೊಡೆ ಮ್ಯಾಲೆ ಮಲಗಿಸ್ಕಂಡು ಕಟ್ಸಿದ್ದು ಕಣಪ್ಪ ಅದು. ಮಣ್ಣಿಗೆ ಓಗೋವಾಗ ಅದ್ರ ಜೊತೇಲೇ ಓಗ್ಬೇಕು ನಾನು. ಬೇರೇದು ತಂದ್ರೆ ಅದಾಯ್ತದಾ?" ಎಂದರು. ದನಿ ಏರಿಸದೆ ಹೇಳಿದರು. ಅವರ ಕೈ ಮಾತ್ರ ಮತ್ತೆ ಮತ್ತೆ ಎದೆಯ ಮೇಲೆ ಹೋಗಿ ಖಾಲಿ ಜಾಗ ಮುಟ್ಟಿ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ನಾನೇ ಎಳೆದದ್ದು" ಎಂದೆ. ನಿಲುವಂಗಿ ಎಳೆದದ್ದು, ಪಟ್ ಎಂದದ್ದು, ರಾತ್ರಿಯೇ ನೆನಪಾಗಿದ್ದೂ ಬಾಯಿ ಮುಚ್ಚಿಕೊಂಡಿದ್ದು, ಎಲ್ಲವನ್ನೂ ಹೇಳಿದೆ.

ಮೇಷ್ಟ್ರ ಮುಖ ಕೆಂಪಾಯಿತು. "ಏನ್ರೀ ರಾಜಣ್ಣ, ರಾತ್ರಿಯೆಲ್ಲಾ ಅವ್ಳನ್ನ ಉಪವಾಸ ಕೆಡವಿ ನೀವು ಮುದ್ದೆ ಉಂಡ್ರಾ?" ಎಂದರು. ನಾನು ಉಂಡಿದ್ದೆ.

ಪುಟ್ಟಬಸಮ್ಮನವರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. "ಬುಡಿ ಮೇಷ್ಟ್ರೇ, ಬಯ್ಯಾದು ಆಮ್ಯಾಲೆ. ಎಲ್ಲೈತೆ ಅಂತ ಗೊತ್ತಾಯ್ತಲ್ಲ. ಆ ತಾಯಿ ಅಂಗಿ ಒಳಗೆ ಐತೆ. ನಡೀರಿ" ಎಂದರು.

ಹಾಗೆಂದರೆ ಬಂದ ದಾರಿಯಲ್ಲೇ ನಾಲ್ಕು ಗಂಟೆ ವಾಪಸು ಹೋಗಬೇಕು. ಮರುದಿನ ಬೆಳಿಗ್ಗೆ ಗುಂಪು ಈಗಿನ ರಾಜಧಾನಿಗೆ ಹೊರಡುವುದಿತ್ತು. ಗುಂಪನ್ನು ಗೈಡಿಗೂ ನಂಜುಂಡನಿಗೂ ಒಪ್ಪಿಸಿದೆ. ಬಾತ್ ಎಂಬ ಡ್ರೈವರು ತನ್ನ ಹಳೇ ವ್ಯಾನು ತಂದ. ಭಾಷೆಗೆ ಒಬ್ಬರು ಬೇಕಿತ್ತು. ಊರಿನ ಹಳೆಯ ಮಠದ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಯಾರನ್ನು ಕೇಳುವುದೆಂದು ನಾವು ಮೂವರೂ ಜೋರಾಗಿ ಚರ್ಚಿಸುತ್ತಿದ್ದಾಗ, ಕೆಂಪು ಬಟ್ಟೆಯ ಲಾಮಾ ಒಬ್ಬರು ಹತ್ತಿರ ಬಂದು, "ಯಾವೂರು ಸಾರ್ ನಿಮ್ದು? ತಿಂಡಿ ಆಯ್ತಾ?" ಎಂದರು. ನಮ್ಮ ಮೂವರ ಬಾಯಿಯೂ ಮುಚ್ಚಲಿಲ್ಲ. ಆತ ಹುಡುಗನಾಗಿದ್ದಾಗ ಬೈಲುಕುಪ್ಪೆಗೆ ಓದಲು ಬಂದು ಹನ್ನೆರಡು ವರ್ಷ ಇದ್ದವರು. ಕನ್ನಡವನ್ನು ಅಲ್ಲಿನ ತರಕಾರಿ ಅಂಗಡಿಗಳಲ್ಲಿ ಕಲಿತಿದ್ದರಂತೆ. ಕರಡಿಗೆ ಎಂದರೇನೆಂದು ನಾವು ವಿವರಿಸಬೇಕಾಗಲೇ ಇಲ್ಲ. "ನಮ್ಮ ತರಕಾರಿ ಅಂಗಡಿ ಓನರ್ ಅಮ್ಮ ಹಾಕ್ತಿದ್ರು. ಗೊತ್ತು ಸಾರ್, ಬನ್ನಿ" ಎಂದು ವ್ಯಾನು ಹತ್ತಿದರು.

ಆಗ ನೋಡಿದೆ. ಮೇಷ್ಟ್ರು ಬಾಗಿಲಲ್ಲಿ ನಿಂತು ಮಠದ ಬಿಳಿಯ ಗೋಡೆಯನ್ನೇ ನೋಡುತ್ತಿದ್ದರು. ಗೋಡೆಯ ಉದ್ದಕ್ಕೂ ಸಾಲಾಗಿ ಸ್ತೂಪಗಳು. ಹಾಳುಬಿದ್ದ ಕಾರಾಕೋರಂನ ಕಲ್ಲುಗಳನ್ನು ತಂದೇ ಆ ಮಠ ಕಟ್ಟಿದರೆಂದು ನನಗೆ ಬಸ್ಸಿನಲ್ಲಿ ಹೇಳಿದ್ದವರು ಅವರೇ. ನಾನು, "ಮೇಷ್ಟ್ರೇ, ನೀವು ಇಲ್ಲೇ ಇದ್ದು ನೋಡಿ. ಇಷ್ಟು ದೂರ ಇದಕ್ಕೇ ಬಂದೋರು. ಅಮ್ಮನ ಜೊತೆ ನಾನು ಹೋಗಿ ಬರ್ತೀನಿ" ಎಂದೆ.

"ಅವ್ಳು ಉಣ್ದೆ ಕುಂತವ್ಳೆ, ನಾನು ಕಲ್ಲು ನೋಡ್ಕಂಡು ನಿಂತ್ಕಳ್ಳಾ?" ಎಂದು ನನ್ನ ಮೇಲೆ ರೇಗಿ, ಗೋಡೆಗೆ ಬೆನ್ನು ತಿರುಗಿಸಿ ವ್ಯಾನು ಹತ್ತಿದರು. ಹೆಂಡತಿಯ ಪಕ್ಕ ಕೂತು ಅವರ ಶಾಲು ಸರಿಮಾಡಿದರು. ದಾರಿಯುದ್ದಕ್ಕೂ ಚರಿತ್ರೆಯ ಒಂದು ಮಾತೂ ಆಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಜಾಗ ಮುಟ್ಟಿದೆವು. ಗೆರ್ ಇರಲಿಲ್ಲ. ಅದು ನಿಂತಿದ್ದ ಕಡೆ ದುಂಡಗೆ ಬಿಳಚಿದ ಹುಲ್ಲು, ನಡುವೆ ಒಲೆಯ ಬೂದಿ. ಬೆಳಿಗ್ಗೆಯೇ ಬಿಚ್ಚಿಕೊಂಡು ಹೋಗಿದ್ದರು. ಪುಟ್ಟಬಸಮ್ಮನವರು ಆ ವೃತ್ತದ ಒಳಗೆ ಕಾಲಿಡದೆ ಅಂಚಿನಲ್ಲೇ ಕುಸಿದು ಕೂತರು. ಬೆವರುತ್ತಿದ್ದರು. ಮೇಷ್ಟ್ರು ಜೇಬಿನಿಂದ ಬೆಲ್ಲದ ಚೂರು ತೆಗೆದು, "ಒಸಿ ಬಾಯಿಗೆ ಹಾಕ್ಕಳಮ್ಮಿ, ನನ್ನಾಣೆ" ಎಂದರು. ಅವರು ತಲೆ ಆಡಿಸಿ ಬೇಡವೆಂದರು. ನಾನು ಆ ಬೂದಿ ನೋಡುತ್ತಾ, ರಾತ್ರಿಯೇ ಬಾಯಿ ಬಿಟ್ಟಿದ್ದರೆ ಈ ಜನ ಇಲ್ಲೇ ಇರುತ್ತಿದ್ದರಲ್ಲ ಎಂದುಕೊಂಡೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಭಯಪಟ್ಟ ಗಳಿಗೆ ಇನ್ನೊಂದಿಲ್ಲ.

ಬಾತ್ ಮಾತ್ರ ಬೂದಿ ನೋಡಲಿಲ್ಲ, ನೆಲ ನೋಡಿದ. ಲಾರಿಯ ಗಾಲಿಯ ಗುರುತು ಹಿಡಿದು ವ್ಯಾನು ತಿರುಗಿಸಿದ. ಬೈಕಿನಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬನನ್ನು ಲಾಮಾ ಕೇಳಿದರು. ಅವನು ಗದ್ದ ಎತ್ತಿ ಒಂದು ಗುಡ್ಡದ ಕಡೆ ತೋರಿಸಿದ. ಗುಡ್ಡದ ಆಚೆ, ಒಂದು ತೊರೆಯ ಪಕ್ಕ ಲಾರಿ ನಿಂತಿತ್ತು.

ಗೆರ್ ಇನ್ನೂ ಎದ್ದಿರಲಿಲ್ಲ. ಜಾಲರಿಗಳು ಹುಲ್ಲಿನ ಮೇಲೆ ಮಲಗಿದ್ದವು. ಒಲೆ ಲಾರಿಯ ಮೇಲೆಯೇ ಇತ್ತು, ಪಾತ್ರೆಗಳು ಮೂಟೆಯಲ್ಲಿದ್ದವು. ಆದರೆ ಬಯಲ ನಡುವೆ, ಆಕಾಶದ ಕೆಳಗೆ, ಅವರ ದೇವರ ಪೆಟ್ಟಿಗೆ ಮಾತ್ರ ಇಳಿದು ನಿಂತಿತ್ತು. ಅದರ ಮೇಲೆ ಅವರ ಬುದ್ಧ, ಪಕ್ಕದಲ್ಲಿ ನೀಲಿ ರೇಷ್ಮೆಯ ವಸ್ತ್ರ ಹಾಸಿ ಇಟ್ಟ ಬೆಳ್ಳಿಯ ಕರಡಿಗೆ, ಮುಂದೆ ಒಂದು ಬಟ್ಟಲು ಹಾಲು.

ತುಯಾ ಹೇಳಿದ್ದನ್ನು ಲಾಮಾ ತಮ್ಮ ತರಕಾರಿ ಅಂಗಡಿಯ ಕನ್ನಡದಲ್ಲಿ ಹೇಳಿದರು. ಬೆಳಿಗ್ಗೆ ನಿಲುವಂಗಿ ಮಡಿಸುವಾಗ ಎದೆಯ ಮಡಿಕೆಯಲ್ಲಿ ಇದು ಸಿಕ್ಕಿತಂತೆ. ಅಲ್ಲಿನ ಹಿರಿಯರೂ ತಮ್ಮ ದೇವರನ್ನು ಪುಟ್ಟ ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಹಾಗಾಗಿ ಕಂಡ ಕೂಡಲೇ ಅವಳಿಗೆ ತಿಳಿಯಿತು, ಮುಚ್ಚಳ ತೆಗೆಯಲಿಲ್ಲ. "ಇದು ಈ ಅಜ್ಜಿ ದೇವರು ಅಂತ ಹೇಳ್ತಾಳೆ. ಪಾತ್ರೆ ಜೊತೆ ಲಾರಿಗೆ ಹಾಕ್ಬಾರ್ದು ಅಂತ, ಎದೇಲಿ ಇಟ್ಕೊಂಡು ಬಂದ್ಲಂತೆ. ಅಜ್ಜಿ ಬಂದೇ ಬರ್ತಾಳೆ ಅಂತ ಅವಳ ಅತ್ತೆಗೆ ಗೊತ್ತಿತ್ತಂತೆ" ಎಂದರು ಲಾಮಾ.

ತುಯಾ ಮರ್ಯಾದೆಗೆ ಅಂಗಿಯ ತೋಳು ಕೆಳಗೆ ಎಳೆದುಕೊಂಡು ಎರಡೂ ಕೈಯಲ್ಲಿ ಕರಡಿಗೆ ಕೊಟ್ಟಳು. ಪುಟ್ಟಬಸಮ್ಮನವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಚ್ಚಳ ತೆಗೆದು ನೋಡಿದರು. ಆಮೇಲೆ ಅತ್ತರು. ರಾತ್ರಿಯಿಂದ ತಡೆದದ್ದೆಲ್ಲ ಬಂತು. ತೊರೆಯ ನೀರಲ್ಲಿ ಕೈಕಾಲು ತೊಳೆದು, ಹುಲ್ಲಿನ ಮೇಲೆ ಕೂತು ಎಡಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದರು. ತುಯಾಳ ಅತ್ತೆ ಸ್ವಲ್ಪ ದೂರದಲ್ಲಿ ತಾನೂ ಕೂತು ಕೈಮುಗಿದಿದ್ದಳು. ಪೂಜೆ ಮುಗಿದ ಮೇಲೆ ದಾರ ಇರಲಿಲ್ಲ. ತುಯಾ ಆ ನೀಲಿ ರೇಷ್ಮೆಯ ಅಂಚು ಸೀಳಿ ಹೊಸೆದು ಕೊಟ್ಟಳು. ಕಟ್ಟಿದವರು ಮೇಷ್ಟ್ರು. ಮುಪ್ಪಿನ ಬೆರಳು, ಗಂಟು ಬೀಳಲು ಬಹಳ ಹೊತ್ತು ಹಿಡಿಯಿತು. ದೇವರ ಮುಂದಿನ ಹಾಲಿನ ಬಟ್ಟಲನ್ನು ತುಯಾ ನೀಡಿದಾಗ ಪುಟ್ಟಬಸಮ್ಮನವರು ಒಂದು ಹನಿ ಉಳಿಸದೆ ಕುಡಿದು, ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡರು.

ಊರಿಗೆ ಬಂದ ಮೇಲೆ, ಗುಂಪು ಬಿಟ್ಟು ಹೋದದ್ದಕ್ಕೆ ಸಾಹೇಬರು ನನಗೆ ಮೆಮೊ ಕೊಟ್ಟರು. ಮುಂದಿನ ವರ್ಷ ವಿದೇಶದ ಗುಂಪು ಕೊಡಲಿಲ್ಲ. ನಾನು ಜಗಳ ಆಡಲಿಲ್ಲ. ನನಗೆ ಸಲ್ಲಬೇಕಾದ ಮೆಮೊ ಅದಲ್ಲ, ಆ ಸಂಜೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಇನ್ನೊಂದು ಬರಬೇಕಿತ್ತು. ಅದನ್ನು ಯಾರೂ ಕೊಡದ ಕಾರಣ ಈಗ ನಾನೇ ಬರೆದುಕೊಂಡಿದ್ದೇನೆ. ಹೊಸದಾಗಿ ಬರುವವರು ತಪ್ಪು ಮಾಡಿಯೇ ಮಾಡುತ್ತೀರಿ. ಮಾಡಿದ ಗಳಿಗೆಯಲ್ಲೇ ಹೇಳಿಬಿಡಿ. ನೀವು ಮುಚ್ಚಿಟ್ಟ ಮಾತಿನಲ್ಲೇ ಕಳೆದ ವಸ್ತುವಿನ ವಿಳಾಸ ಇರುತ್ತದೆ.

ಮೆಮೊ ವಿಷಯ ಮೊದಲೇ ಹೇಳಿ ಮುಗಿಸಿದೆ, ಏಕೆಂದರೆ ಕೊನೆಗೆ ಹೇಳಬೇಕಾದ್ದು ಬೇರೆ ಇದೆ. ಆ ದಿನ ನಾವು ವಾಪಸು ಬಂದಾಗ ಬಿಸಿಲು ಇನ್ನೂ ಇತ್ತು. ಆದರೆ ಮಠದ ಬಾಗಿಲು ಹಾಕಿದ್ದರು. ಲಾಮಾ ಒಳಗಿನವರನ್ನು ಕೇಳಿ ನೋಡುತ್ತೇನೆಂದರು. ಮೇಷ್ಟ್ರು ಬೇಡವೆಂದರು. ಗೋಡೆಯ ಹೊರಗೆ, ಬಯಲಲ್ಲಿ, ಕಾರಾಕೋರಂ ಕಾಲದ ಒಂದು ಕಲ್ಲಿನ ಆಮೆ ಇದೆ. ಆ ರಾಜಧಾನಿಯದು ಎಂದು ಉಳಿದಿರುವುದರಲ್ಲಿ ಅದೂ ಒಂದು. ಮೇಷ್ಟ್ರು ಹೋಗಿ ಅದರ ತಲೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ತಿರುಗಿ, ಹೆಂಡತಿಯೊಬ್ಬಳನ್ನೇ ಎದುರಿಗೆ ನಿಲ್ಲಿಸಿಕೊಂಡು ಪಾಠ ಶುರುಮಾಡಿದರು. ಚೆಂಗಿಸ್ ಖಾನನ ಮಗ ಕಟ್ಟಿಸಿದ ಕೋಟೆ, ಮೊಮ್ಮಗ ರಾಜಧಾನಿ ಬದಲಿಸಿದ್ದು, ಯಾವ ದಿಕ್ಕಿಗೆ ಯಾವ ಸೈನ್ಯ ಹೋಯಿತು ಎನ್ನುವುದೆಲ್ಲ. ಕೈಯಲ್ಲಿ ಗಾಳಿಯ ಮೇಲೆ ನಕ್ಷೆ ಬರೆದರು. ಪುಟ್ಟಬಸಮ್ಮನವರು ಎದೆಯ ಮೇಲಿನ ನೀಲಿ ದಾರ ಹಿಡಿದುಕೊಂಡು ಒಂದು ಮಾತೂ ಬಿಡದೆ ಕೇಳಿದರು. ನಾನು ನನ್ನ ಅಭ್ಯಾಸದಂತೆ ಅವರಿಬ್ಬರ ಹಿಂದೆ ನಿಂತಿದ್ದೆ.

ಕೊನೆಗೆ ಅವರು ಮೆತ್ತಗೆ, "ಮೇಷ್ಟ್ರೇ, ಪಾಠ ಚಂದಾಗೈತೆ. ಆದ್ರೆ ನಂಗೆ ವಟ್ಟೆ ಅಸೀತಾ ಐತೆ ಕಣ್ರೀ" ಎಂದರು.

ಮೇಷ್ಟ್ರು ಅಲ್ಲಿಗೇ ಪಾಠ ನಿಲ್ಲಿಸಿ, ಬಿಡಾರದ ಕಡೆ ತಿರುಗಿ, "ನಂಜುಂಡಾ!" ಎಂದು ಆ ಬಯಲೆಲ್ಲಾ ಕೇಳುವಂತೆ ಕೂಗಿದರು.